ಹಿತ್ತಲ ಬಾಗಿಲಿನ ರಾಯಭಾರ

ಬಾಂಗ್ಲಾದೇಶದ ಉದಯ ನಮ್ಮ ಶಾಲೆಯ ಪಾಠಗಳಲ್ಲಿ ಬರುವುದು ನಾಲ್ಕೈದು ಸಾಲುಗಳಲ್ಲಿ ಮಾತ್ರ. 1970ರ ಚುನಾವಣೆ, 1971ರ ಮಾರ್ಚಿನಲ್ಲಿ ಸೈನ್ಯದ ದೌರ್ಜನ್ಯ, ಭಾರತಕ್ಕೆ ಹರಿದುಬಂದ ನಿರಾಶ್ರಿತರು, ಡಿಸೆಂಬರ್ 3ರಿಂದ 16ರವರೆಗಿನ ಯುದ್ಧ, ಢಾಕಾದಲ್ಲಿ ಶರಣಾಗತಿ. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡಿ ಎರಡು ಅಂಕ ಪಡೆದು ಮುಂದೆ ಹೋಗುತ್ತಾರೆ. ಆದರೂ ಎರಡು ಮೂರು ವರ್ಷಕ್ಕೊಮ್ಮೆ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅಷ್ಟೆಲ್ಲ ಜನ ಸಾಯುವಾಗ ಬೇರೆ ದೇಶದವರಿಗೆ ಗೊತ್ತೇ ಇರಲಿಲ್ವಾ?" ಎಂದು ಕೇಳುತ್ತಾಳೆ.

ಗೊತ್ತಿತ್ತು. ದಿನದಿನವೂ ಗೊತ್ತಾಗುತ್ತಿತ್ತು. ಯಾರಿಂದ ಗೊತ್ತಾಯಿತು, ಗೊತ್ತಾದ ಮೇಲೆ ಆದದ್ದೇನು ಎಂಬುದು ಪಠ್ಯಪುಸ್ತಕಕ್ಕೆ ಸೇರದ ಕಥೆ. ಆ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ.

ಮೊದಲು ಒಂದು ಚಿಕ್ಕ ವಿವರಣೆ. ಒಂದು ದೇಶ ಇನ್ನೊಂದು ದೇಶದ ರಾಜಧಾನಿಯಲ್ಲಿ ಇಡುವ ಕಚೇರಿಗೆ ರಾಯಭಾರ ಕಚೇರಿ ಎನ್ನುತ್ತೇವೆ. ರಾಜಧಾನಿಯಲ್ಲದ ದೊಡ್ಡ ಊರುಗಳಲ್ಲಿ ಇಡುವುದು ಕಾನ್ಸುಲೇಟ್. ಪಾಸ್‌ಪೋರ್ಟ್, ವೀಸಾ, ವ್ಯಾಪಾರದ ವಿಷಯಗಳನ್ನು ನೋಡಿಕೊಳ್ಳುವುದು ಅದರ ಹೊರಗಿನ ಕೆಲಸ. ಒಳಗಿನ ಕೆಲಸ ಬೇರೆ. ಆ ಪ್ರಾಂತದ ರಾಜಕೀಯ ನಾಯಕರು, ವಕೀಲರು, ಪ್ರಾಧ್ಯಾಪಕರು, ಅಲ್ಲಿಯ ಪತ್ರಿಕೆಗಳ ಸಂಪಾದಕರು ಮತ್ತು ವರದಿಗಾರರನ್ನು ಕಂಡು, ಅವರೊಡನೆ ಚಹಾ ಕುಡಿದು, ಅವರು ಹೇಳಿದ್ದನ್ನು ಕೇಳಿಸಿಕೊಂಡು ತನ್ನ ಸರ್ಕಾರಕ್ಕೆ ಬರೆದು ತಿಳಿಸುವುದು.

ನಮ್ಮ ಹೆಂಗಸರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಮನೆಗೆ ಬಂದ ನೆಂಟರನ್ನು ಪಡಸಾಲೆಯಲ್ಲಿ ಕೂರಿಸಿ ಯಜಮಾನರು ಮಾತಾಡಿಸುತ್ತಾರೆ. ಆ ಮಾತು ಕೇಳಿದವರಿಗೆ ಮನೆಯಲ್ಲಿ ಎಲ್ಲವೂ ಸೊಗಸಾಗಿದೆ ಎನಿಸುತ್ತದೆ. ಅಡುಗೆಮನೆಯಲ್ಲಿ ಏನು ಬೇಯುತ್ತಿದೆ, ಯಾರ ಕಣ್ಣು ಕೆಂಪಾಗಿದೆ ಎಂಬುದು ತಿಳಿಯಬೇಕಾದರೆ ಹಿತ್ತಲ ಬಾಗಿಲಿನಿಂದ ಬರುವ ನೆರೆಮನೆಯವಳೇ ಆಗಬೇಕು. ರಾಯಭಾರಿ ಪಡಸಾಲೆಯ ಅತಿಥಿಯಾದರೆ, ಕಾನ್ಸುಲೇಟಿನವರು ಹಿತ್ತಲ ಬಾಗಿಲಿನಿಂದ ಬರುವವರು.

1947ರಲ್ಲಿ ಹುಟ್ಟಿದ ಪಾಕಿಸ್ತಾನಕ್ಕೆ ಎರಡು ರೆಕ್ಕೆಗಳಿದ್ದವು, ನಡುವೆ ಸುಮಾರು 1,600 ಕಿಲೋಮೀಟರ್ ಭಾರತದ ನೆಲ. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ವದಲ್ಲಿದ್ದರೂ ರಾಜಧಾನಿ, ಸೈನ್ಯ, ಅಧಿಕಾರ ಎಲ್ಲವೂ ಪಶ್ಚಿಮದಲ್ಲಿದ್ದವು. ಪೂರ್ವದ ಸೆಣಬು ಮಾರಿ ಬಂದ ವಿದೇಶಿ ಹಣದ ಬಹುಪಾಲು ಪಶ್ಚಿಮದಲ್ಲಿ ಖರ್ಚಾಗುತ್ತಿದೆ ಎಂಬ ದೂರು ಪ್ರತಿ ವರ್ಷವೂ ಕೇಳಿಬರುತ್ತಿತ್ತು. ಬಂಗಾಳಿಯನ್ನೂ ರಾಷ್ಟ್ರಭಾಷೆಯಾಗಿಸಿ ಎಂದು ಕೇಳಿದ ವಿದ್ಯಾರ್ಥಿಗಳ ಮೇಲೆ 1952ರ ಫೆಬ್ರುವರಿ 21ರಂದು ಢಾಕಾದಲ್ಲಿ ಗುಂಡು ಹಾರಿತು. ಆ ದಿನವನ್ನೇ 1999ರಲ್ಲಿ ಯುನೆಸ್ಕೋ ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಘೋಷಿಸಿತು.

ಇಂಥ ಊರಿನಲ್ಲಿ ಪತ್ರಿಕಾ ಕಚೇರಿಗಳೇ ರಾಜಕೀಯದ ಜಗಲಿಗಳಾಗಿದ್ದವು. ಅವುಗಳಲ್ಲಿ ದೊಡ್ಡದು 'ಇತ್ತೆಫಾಕ್'. ಅದರ ಸಂಪಾದಕ ತೊಫಜ್ಜಲ್ ಹುಸೇನ್ ಅವರನ್ನು ಜನ ಪ್ರೀತಿಯಿಂದ ಮಾಣಿಕ್ ಮಿಯಾ ಎಂದು ಕರೆಯುತ್ತಿದ್ದರು. 1962ರಲ್ಲಿ ಢಾಕಾದ ಭಾರತೀಯ ಕಚೇರಿಯಲ್ಲಿ ರಾಜಕೀಯ ಅಧಿಕಾರಿಯಾಗಿದ್ದ ಶಶಾಂಕ ಬ್ಯಾನರ್ಜಿ ಎಂಬುವರ ಮನೆ ಈ ಪತ್ರಿಕೆಯ ಕಚೇರಿಗೆ ಹತ್ತಿರವಿತ್ತು. ಆ ವರ್ಷ ಕ್ರಿಸ್‌ಮಸ್‌ನ ನಡುರಾತ್ರಿ ಮಾಣಿಕ್ ಮಿಯಾ ತಮ್ಮನ್ನು ಕರೆಸಿಕೊಂಡರೆಂದೂ, ಅಲ್ಲಿ ಕುಳಿತಿದ್ದ ಶೇಖ್ ಮುಜಿಬುರ್ ರೆಹಮಾನ್ ತಮ್ಮ ಕೈಗೆ ನೆಹರೂ ಅವರಿಗೆ ಬರೆದ ಒಂದು ಪತ್ರ ಕೊಟ್ಟರೆಂದೂ ಬ್ಯಾನರ್ಜಿಯವರು 2011ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಪೂರ್ವ ಬಂಗಾಳದ ಬಿಡುಗಡೆಗೆ ಭಾರತದ ಬೆಂಬಲ ಬೇಕೆಂಬುದು ಪತ್ರದ ಸಾರ. ಆಗ ಚೀನಾದೊಡನೆ ಯುದ್ಧ ನಿಂತು ಒಂದು ತಿಂಗಳಷ್ಟೇ ಆಗಿತ್ತು, ದೆಹಲಿ ಅವಸರ ಮಾಡಲಿಲ್ಲ.

ಒಬ್ಬ ಪ್ರಾಂತೀಯ ನಾಯಕ, ಒಬ್ಬ ಸ್ಥಳೀಯ ಪತ್ರಕರ್ತ, ಒಬ್ಬ ಕಿರಿಯ ರಾಜತಾಂತ್ರಿಕ ಮೂವರೂ ಒಂದು ಕೋಣೆಯಲ್ಲಿ ಕೂತರೆ ದೊಡ್ಡ ಸರ್ಕಾರಗಳಿಗೆ ಏಕೆ ಕಸಿವಿಸಿಯಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಇಂಥ ಎಲ್ಲ ಭೇಟಿಗಳೂ ನಡುರಾತ್ರಿಯ ಗುಟ್ಟುಗಳಲ್ಲ. ಹೆಚ್ಚಿನವು ಹಗಲು ಹೊತ್ತಿನ, ಸಪ್ಪೆಯಾದ, ಬಿಸ್ಕತ್ತು ಚಹಾದ ಭೇಟಿಗಳೇ. ಅವುಗಳ ಬೆಲೆ ಗೊತ್ತಾಗುವುದು ಕಷ್ಟ ಬಂದಾಗ.

ಆ ಕಷ್ಟಕಾಲದಲ್ಲಿ ಢಾಕಾದಲ್ಲಿದ್ದವರು ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್. 1960ರಿಂದ 1962ರವರೆಗೆ ಅದೇ ಊರಿನಲ್ಲಿ ಕೆಳಗಿನ ಹುದ್ದೆಯಲ್ಲಿದ್ದು, 1970ರ ಮಾರ್ಚಿನಲ್ಲಿ ಮುಖ್ಯಸ್ಥರಾಗಿ ಹಿಂತಿರುಗಿದ್ದರು. ಊರು, ಜನ, ಭೋರ್ಗರೆಯುವ ಮಳೆ ಎಲ್ಲವೂ ಅವರಿಗೆ ಪರಿಚಿತ. ಆ ವರ್ಷ ನವೆಂಬರ್ 12ರ ರಾತ್ರಿ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸತ್ತವರು ಕನಿಷ್ಠ 3 ಲಕ್ಷ ಎಂಬುದು ಸಾಮಾನ್ಯ ಅಂದಾಜು. ದೂರದ ರಾಜಧಾನಿಯಿಂದ ನೆರವು ತಡವಾಗಿ, ಅದೂ ಅರೆಮನಸ್ಸಿನಿಂದ ಬಂತೆಂದು ಜನ ಕುದಿದರು. ಡಿಸೆಂಬರ್ 7ರಂದು ಚುನಾವಣೆ ಆರಂಭವಾಯಿತು. ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಮುಜಿಬರ ಅವಾಮಿ ಲೀಗ್‌ಗೆ ಬಂದವು. ಮಹಿಳೆಯರಿಗೆ ಮೀಸಲಾದ 7 ಸ್ಥಾನಗಳೂ ಸೇರಿ 313ರ ಸಭೆಯಲ್ಲಿ 167. ಅಂದರೆ ಇಡೀ ಪಾಕಿಸ್ತಾನಕ್ಕೆ ಪ್ರಧಾನಿಯಾಗಬೇಕಾದವರು ಒಬ್ಬ ಪ್ರಾಂತೀಯ ನಾಯಕ.

ಆ ದಿನಗಳಲ್ಲಿ ಧಾನ್‌ಮಂಡಿ 32ನೇ ರಸ್ತೆಯ ಮುಜಿಬರ ಮನೆಗೆ ಪತ್ರಕರ್ತರೂ ವಿದೇಶೀಯರೂ ಸಾಲುಗಟ್ಟಿ ಬರುತ್ತಿದ್ದರು. 1971ರ ಫೆಬ್ರುವರಿ 28ರಂದು ಇಸ್ಲಾಮಾಬಾದಿನಿಂದ ಅಮೆರಿಕದ ರಾಯಭಾರಿ ಜೋಸೆಫ್ ಫಾರ್ಲೆಂಡ್ ಬಂದು ಮುಜಿಬರನ್ನು ಕಂಡರು. ಪಾಕಿಸ್ತಾನ ಒಂದಾಗಿಯೇ ಇರಬೇಕೆಂಬುದು ತಮ್ಮ ಸರ್ಕಾರದ ನಿಲುವೆಂದು ತಿಳಿಸಿ ಹೋದರು. ಮರುದಿನ, ಮಾರ್ಚ್ 1ರಂದು, ಅಧ್ಯಕ್ಷ ಯಾಹ್ಯಾ ಖಾನ್ ಹೊಸ ಸಭೆಯ ಅಧಿವೇಶನವನ್ನು ಮುಂದೂಡಿದರು. ಢಾಕಾದ ಬೀದಿಗಳು ತುಂಬಿಹೋದವು.

ಮಾರ್ಚ್ 25ರ ಸಂಜೆ ಬ್ಲಡ್ ದಂಪತಿಗಳ ಮನೆಯಲ್ಲಿ ಔತಣ ನಡೆದಿತ್ತು. ರಾತ್ರಿ ರಸ್ತೆಗಳು ಮುಚ್ಚಿದ್ದರಿಂದ ಬಂದ ಅತಿಥಿಗಳು ಮನೆಗೆ ಹೋಗಲಾಗದೆ ಅಲ್ಲೇ ಉಳಿದು, ಊರು ಹೊತ್ತಿ ಉರಿಯುವುದನ್ನು ಮಾಳಿಗೆಯ ಮೇಲೆ ನಿಂತು ನೋಡಿದರು. ಸೈನ್ಯ ಮೊದಲು ಹೋದದ್ದು ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ, ಪೊಲೀಸ್ ವಸತಿಗಳಿಗೆ, ಹಿಂದೂಗಳ ಕೇರಿಗಳಿಗೆ, ಮತ್ತು ಪತ್ರಿಕಾ ಕಚೇರಿಗಳಿಗೆ. 'ದ ಪೀಪಲ್' ಪತ್ರಿಕೆಯ ಕಚೇರಿ ಸುಟ್ಟುಹೋಯಿತು. 'ಇತ್ತೆಫಾಕ್' ಸುಟ್ಟಿತು. 'ಸಂಬಾದ್' ಸುಟ್ಟಿತು, ಅದರೊಳಗೆ ಮಲಗಿದ್ದ ಬರಹಗಾರ ಶಹೀದ್ ಸಾಬಿರ್ ಕೂಡ ಬೆಂಕಿಗೆ ಆಹುತಿಯಾದರು. ಇಂಟರ್‌ಕಾಂಟಿನೆಂಟಲ್ ಹೋಟೆಲಿನಲ್ಲಿದ್ದ 30ಕ್ಕೂ ಹೆಚ್ಚು ವಿದೇಶಿ ಪತ್ರಕರ್ತರನ್ನು ಒಟ್ಟಾಗಿ ವಿಮಾನ ಹತ್ತಿಸಿ ಕಳಿಸಲಾಯಿತು. ಸೈಮನ್ ಡ್ರಿಂಗ್ ಎಂಬ ಇಂಗ್ಲಿಷ್ ಯುವಕ ಹೋಟೆಲಿನಲ್ಲೇ ಅಡಗಿ ಉಳಿದು, ಊರು ಸುತ್ತಿ, ಹೇಗೋ ಹೊರಬಿದ್ದು ಬರೆದ ವರದಿ ಮಾರ್ಚ್ 30ರಂದು ಲಂಡನ್ನಿನ 'ಡೈಲಿ ಟೆಲಿಗ್ರಾಫ್'ನಲ್ಲಿ ಬಂತು.

ಹೀಗೆ ಪತ್ರಿಕೆಗಳ ಬಾಯಿ ಮುಚ್ಚಿದ ಮೇಲೆ ಕಾನ್ಸುಲೇಟಿನ ತಂತಿಗಳೇ ಪತ್ರಿಕೆಯ ಕೆಲಸ ಮಾಡಬೇಕಾಯಿತು. ಫೋನ್ ಕಡಿದಿತ್ತು. ಬಚ್ಚಿಟ್ಟಿದ್ದ ಒಂದು ಟ್ರಾನ್ಸ್‌ಮಿಟರಿನ ಮೂಲಕ ಬ್ಲಡ್ ತಾವು ಕಂಡದ್ದನ್ನೂ ಬಂಗಾಳಿ ಸ್ನೇಹಿತರಿಂದ ಕೇಳಿದ್ದನ್ನೂ ವಾಷಿಂಗ್ಟನ್ನಿಗೆ ಕಳಿಸಿದರು. ವರ್ಷಗಟ್ಟಲೆ ಚಹಾ ಕುಡಿದು ಬೆಳೆಸಿದ ಪರಿಚಯಗಳು ಈಗ ಕೆಲಸಕ್ಕೆ ಬಂದವು, ಯಾರ ಮಾತು ನಂಬಬಹುದು, ಯಾರದು ಉತ್ಪ್ರೇಕ್ಷೆ ಎಂದು ಅವರಿಗೆ ತಿಳಿದಿತ್ತು. ಎಷ್ಟೋ ಅಮೆರಿಕನ್ ಕುಟುಂಬಗಳು ಹೆದರಿ ಓಡಿಬಂದ ಬಂಗಾಳಿಗಳನ್ನು ಆಳುಗಳ ಕೋಣೆಗಳಲ್ಲಿ ಅಡಗಿಸಿಟ್ಟುಕೊಂಡವು. ಮಾರ್ಚ್ 28ರ ತಂತಿಯ ತಲೆಬರಹದಲ್ಲೇ, ಇದು ಆರಿಸಿ ಆರಿಸಿ ಮಾಡುತ್ತಿರುವ ನರಮೇಧ ಎಂದು ಬ್ಲಡ್ ಬರೆದರು. ಉತ್ತರ ಬರಲಿಲ್ಲ.

ಏಪ್ರಿಲ್ 6ರಂದು ಹೋದ ತಂತಿ ಬೇರೆ ರೀತಿಯದು. ಅದರಲ್ಲಿ ಸುದ್ದಿಯಿರಲಿಲ್ಲ, ಆಕ್ಷೇಪಣೆಯಿತ್ತು. ಜನಾಭಿಪ್ರಾಯವನ್ನು ತುಳಿಯುವುದನ್ನು ತಮ್ಮ ಸರ್ಕಾರ ಖಂಡಿಸಲಿಲ್ಲ, ಕೊಲೆಗಳನ್ನೂ ಖಂಡಿಸಲಿಲ್ಲ, ನೈತಿಕವಾಗಿ ಸೋತಿದೆ ಎಂದು ಢಾಕಾದಲ್ಲಿದ್ದ 20 ಮಂದಿ ಅಮೆರಿಕನ್ ನೌಕರರು ತಮ್ಮ ಹೆಸರು ಹಾಕಿ ಕಳಿಸಿದರು. ಕರಡು ಬರೆದವರು ಕಿರಿಯ ಅಧಿಕಾರಿ ಸ್ಕಾಟ್ ಬುಚರ್. ಮೇಲಧಿಕಾರಿಯಾಗಿ ಬ್ಲಡ್ ಅದನ್ನು ತಡೆಯಬಹುದಿತ್ತು, ಅಥವಾ ನನಗೂ ಇದಕ್ಕೂ ಸಂಬಂಧವಿಲ್ಲವೆಂದು ಒಂದು ಸಾಲು ಸೇರಿಸಬಹುದಿತ್ತು. ಅವರು ತಾವೂ ಒಪ್ಪುವುದಾಗಿ ಬರೆದು, ಈ ಹೋರಾಟದಲ್ಲಿ ಕೊನೆಗೆ ಗೆಲ್ಲುವವರು ಬಂಗಾಳಿಗಳೇ, ಸ್ವತಂತ್ರ ಬಾಂಗ್ಲಾದೇಶ ಹುಟ್ಟುತ್ತದೆ ಎಂದೂ ಸೇರಿಸಿದರು. ವಾಷಿಂಗ್ಟನ್ನಿನಲ್ಲಿ ಕೂತಿದ್ದ ಒಂಬತ್ತು ಮಂದಿ ದಕ್ಷಿಣ ಏಷ್ಯಾ ತಜ್ಞರು ಬೆಂಬಲಿಸಿ ಪತ್ರ ಬರೆದರು. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಕೆನೆತ್ ಕೀಟಿಂಗ್ ಕೂಡ ಬ್ಲಡ್ ಪಕ್ಷದಲ್ಲಿ ನಿಂತರು.

ಸರ್ಕಾರಿ ನೌಕರಿಯಲ್ಲಿ ಇರುವವರಿಗೆ, ಅಂಥವರ ಮನೆಯಲ್ಲಿ ಸಂಸಾರ ಮಾಡುವವರಿಗೆ, ಈ ಸಹಿಯ ತೂಕ ಗೊತ್ತು. ಮಕ್ಕಳ ಓದು, ಬಡ್ತಿ, ಪಿಂಚಣಿ ಎಲ್ಲವೂ ಅದರ ಹಿಂದೆ ನೇತಾಡುತ್ತಿರುತ್ತವೆ. ನಮ್ಮಲ್ಲಿ ಒಂದು ಸಾಮಾನ್ಯ ಮನವಿಪತ್ರಕ್ಕೆ ಸಹಿ ಹಾಕುವಾಗಲೂ "ಮೊದಲನೆಯ ಹೆಸರು ನಿಮ್ಮದಿರಲಿ" ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತೇವೆ.

ಅಧ್ಯಕ್ಷ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್ ಈ ಮಾತುಗಳಿಗೆ ಕಿವಿಗೊಡಲಿಲ್ಲ. ಯಾಹ್ಯಾ ಖಾನರನ್ನು ಈಗ ಹಿಂಡಬೇಡಿ ಎಂದು ನಿಕ್ಸನ್ ಏಪ್ರಿಲ್ ಕೊನೆಯಲ್ಲಿ ತಮ್ಮ ಕೈಬರಹದಲ್ಲೇ ಷರಾ ಬರೆದರು. ಕಾರಣ ಆಮೇಲೆ ಜಗತ್ತಿಗೆ ತಿಳಿಯಿತು. ಚೀನಾದ ಬಾಗಿಲು ತಟ್ಟಲು ಅವರಿಗೆ ಯಾಹ್ಯಾ ಬೇಕಾಗಿದ್ದರು. ಆ ಜುಲೈನಲ್ಲಿ ಕಿಸಿಂಜರ್ ಪಾಕಿಸ್ತಾನಕ್ಕೆ ಬಂದು, ಹೊಟ್ಟೆನೋವೆಂದು ನೆಪ ಹೇಳಿ ಕಣ್ಮರೆಯಾಗಿ, ಗುಟ್ಟಾಗಿ ಬೀಜಿಂಗಿಗೆ ಹಾರಿ ಬಂದರು. ದೊಡ್ಡವರ ಲೆಕ್ಕಾಚಾರದಲ್ಲಿ ಢಾಕಾದ ತಂತಿಗಳಿಗೆ ಜಾಗವಿರಲಿಲ್ಲ. ಜೂನ್ ಹೊತ್ತಿಗೆ ಬ್ಲಡ್ ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಲಾಗಿತ್ತು.

ಪಾಕಿಸ್ತಾನ ಸರ್ಕಾರ ಪತ್ರಕರ್ತರನ್ನು ಹೊರಗಟ್ಟಿ ಸುಮ್ಮನಾಗಲಿಲ್ಲ. ಎಲ್ಲ ಶಾಂತವಾಗಿದೆ ಎಂದು ತೋರಿಸಲು ಏಪ್ರಿಲ್‌ನಲ್ಲಿ ತನ್ನದೇ ಎಂಟು ಮಂದಿ ಪತ್ರಕರ್ತರನ್ನು ಹತ್ತು ದಿನ ಪೂರ್ವಕ್ಕೆ ಕರೆದೊಯ್ದಿತು. ಅವರಲ್ಲೊಬ್ಬರು ಕರಾಚಿಯ 'ಮಾರ್ನಿಂಗ್ ನ್ಯೂಸ್' ಪತ್ರಿಕೆಯ ಆಂಟನಿ ಮಸ್ಕರೇನಸ್. ಈತ ಹುಟ್ಟಿದ್ದು 1928ರಲ್ಲಿ, ನಮ್ಮ ಬೆಳಗಾವಿಯಲ್ಲಿ, ಗೋವಾ ಮೂಲದ ಕ್ರೈಸ್ತ ಕುಟುಂಬದಲ್ಲಿ. ಓದಿ ಬೆಳೆದದ್ದು ಕರಾಚಿಯಲ್ಲಿ. ಸೈನ್ಯಾಧಿಕಾರಿಗಳು ಆತನನ್ನು ತಮ್ಮವನೆಂದೇ ಭಾವಿಸಿ ಮುಚ್ಚುಮರೆಯಿಲ್ಲದೆ ಮಾತಾಡಿದರು, ಮಾಡುತ್ತಿದ್ದುದನ್ನು ಕಣ್ಣಾರೆ ತೋರಿಸಿದರು. ಉಳಿದ ಏಳು ಮಂದಿ ಸರ್ಕಾರ ಬಯಸಿದಂತೆ ಬರೆದರು. ಮಸ್ಕರೇನಸ್ ಮಾತ್ರ ಬರೆಯಲಿಲ್ಲ. ಕಂಡದ್ದನ್ನು ಬರೆಯದಿದ್ದರೆ ಇನ್ನು ಮುಂದೆ ಒಂದಕ್ಷರವನ್ನೂ ಬರೆಯಲಾರೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡರು.

ಬರೆದರೆ ಕರಾಚಿಯಲ್ಲಿ ಉಳಿಯುವಂತಿರಲಿಲ್ಲ. ಮೇ ತಿಂಗಳಲ್ಲಿ ಲಂಡನ್ನಿಗೆ ಹೋಗಿ 'ಸಂಡೇ ಟೈಮ್ಸ್' ಸಂಪಾದಕ ಹೆರಾಲ್ಡ್ ಇವಾನ್ಸ್‌ರೊಡನೆ ಎಲ್ಲ ಗೊತ್ತುಮಾಡಿಕೊಂಡರು. ಹೆಂಡತಿ ಮತ್ತು ಐವರು ಮಕ್ಕಳು ಪಾಕಿಸ್ತಾನ ಬಿಡುವವರೆಗೆ ಅನುಮಾನ ಬರಬಾರದೆಂದು ಮತ್ತೆ ಕರಾಚಿಗೆ ಬಂದು ಕುಳಿತರು, ಆಮೇಲೆ ತಾವೊಬ್ಬರೇ ನೆಲದ ಹಾದಿಯಲ್ಲಿ ಅಫ್ಘಾನಿಸ್ತಾನಕ್ಕೆ ದಾಟಿ ತಪ್ಪಿಸಿಕೊಂಡರು. ತಲೆಗೊಂದು ಸೂಟ್‌ಕೇಸ್ ಮಾತ್ರ ಹಿಡಿದು, ಕಟ್ಟಿದ ಮನೆಯನ್ನೆಲ್ಲ ಹಾಗೇ ಬಿಟ್ಟು ಅಳುತ್ತಾ ಹೊರಟದ್ದನ್ನು ಅವರ ಪತ್ನಿ ಎಷ್ಟೋ ವರ್ಷಗಳ ಮೇಲೆ ನೆನೆದಿದ್ದಾರೆ. ಇತಿಹಾಸ ನೆನಪಿಟ್ಟಿರುವುದು 1971ರ ಜೂನ್ 13ರ ಆ ಲೇಖನವನ್ನು. ಐದು ಮಕ್ಕಳ ಬಟ್ಟೆಬರೆಯಲ್ಲಿ ಯಾವುದನ್ನು ಇಡುವುದು, ಯಾವುದನ್ನು ಬಿಡುವುದು ಎಂದು ಆ ತಾಯಿ ತೀರ್ಮಾನಿಸಿದ ರಾತ್ರಿಯೂ ಅದರೊಳಗೇ ಸೇರಿದೆ ಎಂದು ನನಗನಿಸುತ್ತದೆ. ಆ ಲೇಖನ ತಮ್ಮನ್ನು ತೀವ್ರವಾಗಿ ಕಲಕಿತೆಂದು ಇಂದಿರಾ ಗಾಂಧಿಯವರು ಹೇಳಿದ್ದಾಗಿ ಇವಾನ್ಸ್ ದಾಖಲಿಸಿದ್ದಾರೆ.

ಹೊರದೇಶಕ್ಕೆ ಹೋಗಲಾಗದೆ ಅಲ್ಲೇ ಉಳಿದವರ ಪಾಡು ಬೇರೆ. ಢಾಕಾದಲ್ಲಿ 'ಶಿಲಾಲಿಪಿ' ಎಂಬ ಪತ್ರಿಕೆ ನಡೆಸುತ್ತಿದ್ದ ಸೆಲಿನಾ ಪರ್ವೀನ್ ಮಗನನ್ನು ಒಂಟಿಯಾಗಿ ಸಾಕುತ್ತಿದ್ದ ತಾಯಿ. ಪತ್ರಿಕೆಯ ಹಣದಲ್ಲಿ ಮುಕ್ತಿ ಹೋರಾಟಗಾರರಿಗೆ ನೆರವಾಗುತ್ತಿದ್ದರು. ಬಿಡುಗಡೆಗೆ ಇನ್ನು ಮೂರೇ ದಿನವಿದ್ದಾಗ, ಡಿಸೆಂಬರ್ 13ರಂದು, ಎಂಟು ವರ್ಷದ ಮಗನ ಎದುರಿಗೇ ಅವರನ್ನು ಮನೆಯಿಂದ ಎಳೆದೊಯ್ದರು. ರಾಯರ್ ಬಜಾರಿನ ಇಟ್ಟಿಗೆ ಗೂಡುಗಳ ಬಳಿ ಅವರ ಶವ ಸಿಕ್ಕಿತು. 'ಇತ್ತೆಫಾಕ್'ನ ಸಿರಾಜುದ್ದೀನ್ ಹುಸೇನ್ ಅವರನ್ನು 10ರಂದು ಕರೆದೊಯ್ದಿದ್ದರು, ಅವರು ಹಿಂತಿರುಗಲೇ ಇಲ್ಲ. ವಿದೇಶಿ ಅಧಿಕಾರಿಗೆ ಸತ್ಯ ಹೇಳುವ ಸ್ಥಳೀಯ ಪತ್ರಕರ್ತ ತನ್ನ ಪ್ರಾಣವನ್ನೇ ಒತ್ತೆಯಿಡುತ್ತಾನೆ. ಕೇಳಿಸಿಕೊಂಡವನಿಗೆ ಹೆಚ್ಚೆಂದರೆ ವರ್ಗವಾಗುತ್ತದೆ. ಈ ವ್ಯತ್ಯಾಸವನ್ನು ಮರೆಯಬಾರದು.

ಇತ್ತ ಭಾರತಕ್ಕೆ ಸುಮಾರು ಒಂದು ಕೋಟಿ ಜನ ಬಂದು ಸೇರಿದರು. ಅವರ ಗಂಜಿಗೆಂದು 1971ರ ನವೆಂಬರ್ 15ರಿಂದ ಪ್ರತಿ ಕಾಗದದ ಮೇಲೂ 5 ಪೈಸೆಯ ನಿರಾಶ್ರಿತರ ಪರಿಹಾರದ ಅಂಚೆಚೀಟಿ ಹಚ್ಚುವುದು ಕಡ್ಡಾಯವಾಯಿತು. ನಾನಾಗ ಮಡಿಲ ಕೂಸು. ನನಗೆ ಹಲ್ಲು ಬಂದ ಸುದ್ದಿಯನ್ನು ತವರಿಗೆ ಬರೆದಾಗಲೂ ಆ ಚೀಟಿ ಹಚ್ಚಬೇಕಾಯಿತೆಂದು ಅಮ್ಮ ಹೇಳುತ್ತಿದ್ದರು. ಢಾಕಾ ಎಲ್ಲಿದೆಯೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಯ ಅಳು ಮಾತ್ರ ನಮ್ಮ ಊರಿನ ಅಂಚೆ ಡಬ್ಬಿಯವರೆಗೂ ಬಂದಿತ್ತು.

ಡಿಸೆಂಬರ್ 16ರಂದು ಬಾಂಗ್ಲಾದೇಶ ಸ್ವತಂತ್ರವಾಯಿತು. ಬ್ಲಡ್ ಬರೆದದ್ದು ಎಂಟು ತಿಂಗಳಲ್ಲಿ ನಿಜವಾಯಿತು. ಅವರಿಗೆ ಅದೇ ವರ್ಷ ಅವರ ವೃತ್ತಿಯ ಗೌರವದ ಪ್ರಶಸ್ತಿಯೊಂದು ಬಂತು, ಆದರೆ ಯಾವ ದೇಶಕ್ಕೂ ಅವರು ರಾಯಭಾರಿಯಾಗಲಿಲ್ಲ. ಮುಂದೆ ದೆಹಲಿಯ ಕಚೇರಿಯಲ್ಲಿ ಎರಡನೆಯ ಸ್ಥಾನದಲ್ಲಿ ಕೆಲಸ ಮಾಡಿದರು. 2002ರಲ್ಲಿ ಅವರು ಬರೆದ ನೆನಪಿನ ಪುಸ್ತಕ ಪ್ರಕಟವಾದದ್ದು ಢಾಕಾದಲ್ಲೇ. 2004ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ, ಢಾಕಾದ ಅಮೆರಿಕನ್ ಗ್ರಂಥಾಲಯಕ್ಕೆ ಅವರದೇ ಸರ್ಕಾರ ಅವರ ಹೆಸರಿಟ್ಟಿತು. ಬದುಕಿದ್ದಾಗ ಕೇಳದ ಮಾತಿಗೆ ಸತ್ತ ಮೇಲೆ ಹಾರ ಹಾಕುವ ಪದ್ಧತಿ ನಮ್ಮಲ್ಲಿ ಮಾತ್ರವಲ್ಲ.

ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿತ್ತು. ಪತ್ರಿಕೆಗಳ ಜಗಲಿಯಲ್ಲಿ ಬೆಳೆದ ಮುಜಿಬರೇ 1975ರ ಜೂನ್ 16ರಂದು ನಾಲ್ಕನ್ನು ಬಿಟ್ಟು ಉಳಿದೆಲ್ಲ ದಿನಪತ್ರಿಕೆಗಳನ್ನು ಮುಚ್ಚಿಸಿದರು. ಮಾಣಿಕ್ ಮಿಯಾ 1969ರಲ್ಲೇ ತೀರಿಕೊಂಡಿದ್ದರು, ಈ ದಿನವನ್ನು ಅವರು ನೋಡಬೇಕಾಗಿ ಬರಲಿಲ್ಲ. ಪತ್ರಿಕೆಗಳನ್ನು ಮುಚ್ಚಿಸಿ ಎರಡು ತಿಂಗಳಾಗುವಷ್ಟರಲ್ಲಿ, ಆಗಸ್ಟ್ 15ರಂದು, ಧಾನ್‌ಮಂಡಿಯ ಅದೇ ಮನೆಯಲ್ಲಿ ಮುಜಿಬ್ ಕುಟುಂಬಸಮೇತ ಕೊಲೆಯಾದರು. ಆ ಕೊಲೆಗಳ ಬಗ್ಗೆಯೂ 1986ರಲ್ಲಿ ಪುಸ್ತಕ ಬರೆದವರು ಬೆಳಗಾವಿಯಲ್ಲಿ ಹುಟ್ಟಿದ ಮಸ್ಕರೇನಸ್ಸೇ. ಆ ವರ್ಷದ ಕೊನೆಗೆ ಅವರೂ ತೀರಿಕೊಂಡರು. ವಸ್ತುಸಂಗ್ರಹಾಲಯವಾಗಿದ್ದ ಆ ಮನೆಗೆ 2024ರ ಆಗಸ್ಟಿನ ದಂಗೆಯಲ್ಲಿ ಬೆಂಕಿ ಬಿತ್ತು, 2025ರ ಫೆಬ್ರುವರಿಯಲ್ಲಿ ಜನರ ಗುಂಪು ಅದನ್ನು ಕೆಡವಿಹಾಕಿತು.

ಹಾಗಾದರೆ ಕೇಳಿಸಿಕೊಂಡವರಿಂದ ಆದ ಪ್ರಯೋಜನವೇನು ಎಂದು ಕೇಳಬಹುದು. 20 ಸಹಿಗಳಿಂದ ಒಂದು ಗುಂಡೂ ನಿಲ್ಲಲಿಲ್ಲ. ಆದರೆ ನಮಗೆ ಗೊತ್ತಿರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವ ಅವಕಾಶ ಮುಂದೆ ಯಾವ ದೊಡ್ಡ ಮನುಷ್ಯನಿಗೂ ಉಳಿಯಲಿಲ್ಲ. ಆ ತಂತಿಗಳು ಗುಟ್ಟಿನ ಪೆಟ್ಟಿಗೆಯಿಂದ ಹೊರಬಂದು ಇಂದು ಯಾರು ಬೇಕಾದರೂ ಓದುವಂತಿವೆ. ಅಮೆರಿಕದ ಗ್ಯಾರಿ ಬಾಸ್ 2013ರಲ್ಲಿ ಅವುಗಳ ಮೇಲೇ ದೊಡ್ಡ ಪುಸ್ತಕ ಬರೆದರು. ಕೊಂದವರು ಬರೆಸಿದ ಇತಿಹಾಸವೊಂದೇ ಉಳಿಯದಂತೆ ಸತ್ತವರ ಕಡೆಯ ಸಾಕ್ಷಿಯೂ ಕಾಗದದ ಮೇಲೆ ಉಳಿಯಿತು.

ನಾವು ಪಟ್ಟಣದ ಹೆಂಗಸರು ರಾಯಭಾರಿಗಳಲ್ಲ. ಆದರೂ ಪಕ್ಕದ ಮನೆಯ ಗೋಡೆಯಾಚೆಯ ಅಳು, ತರಗತಿಯಲ್ಲಿ ಹಠಾತ್ತನೆ ಮಂಕಾದ ಹುಡುಗಿಯ ಮುಖ, ಮದುವೆಯಾಗಿ ಹೋದ ಮಗಳ ಫೋನಿನ ಚುಟುಕು ಮಾತು ಇವೆಲ್ಲ ಮೊದಲು ತಲುಪುವುದು ನಮಗೇ. ಪಡಸಾಲೆಯಲ್ಲಿ ಕೂತವರು ಎಲ್ಲ ಸರಿಯಾಗಿದೆ ಎಂದೇ ಹೇಳುತ್ತಿರುತ್ತಾರೆ. ಆಗ ಕೇಳಿಸಿಕೊಂಡದ್ದನ್ನು ನುಂಗದೆ, ಬಣ್ಣ ಹಚ್ಚದೆ, ಹೇಳಬೇಕಾದವರಿಗೆ ಹೇಳಿ ಅದರ ಕೆಳಗೆ ನಮ್ಮ ಹೆಸರನ್ನೂ ಬರೆಯಲು ನಮ್ಮಲ್ಲಿ ಎಷ್ಟು ಜನಕ್ಕೆ ಧೈರ್ಯವಿದೆ?